ಜೌಗು ಅಗೆಯದೆ ನರ್ಸರಿ ಮಣ್ಣು: ಮಲೆನಾಡಿನ ಕೊಟ್ಟೆ ಗಿಡಗಳಿಗೆ

ಮೊದಲು ಹೆಸರಿನ ಗೊಂದಲ ತೀರಿಸೋಣ. ಕೊಕೊಪೀಟ್ ಎಂಬುದು ಪೀಟ್ ಅಲ್ಲ, ತೆಂಗಿನ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ. ನಿಜವಾದ ಪೀಟ್ ಎಂದರೆ ನೀರು ನಿಂತ ನೆಲದಲ್ಲಿ ಗಾಳಿ ಸಿಗದೆ ಅರೆಕೊಳೆತು, ಪದರ ಪದರವಾಗಿ ಕೂಡಿದ ಸಸ್ಯದ ಅವಶೇಷ. ಆಂಥೂರಿಯಂ ಹೂವಿನ ಬೆಳೆಗಾರರು, ಅಂಗಾಂಶ ಬಾಳೆ ಗಿಡ ಹದ ಮಾಡುವವರು ಕೊಳ್ಳುವ ‘ಪೀಟ್ ಮಾಸ್’ ಚೀಲ ಕೆನಡಾ ಅಥವಾ ಬಾಲ್ಟಿಕ್ ದೇಶಗಳ ಜೌಗಿನಿಂದ ಬಂದದ್ದು. ಅಲ್ಲಿ ಕಾಲುವೆ ಕಡಿದು ನೀರು ಬಸಿದು, ಮೇಲ್ಪದರವನ್ನು ಕೆರೆದು ಒಣಗಿಸಿ ಯಂತ್ರದಿಂದ ಹೀರಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಇದೇ ಕೆಲಸ ಸಣ್ಣದಾಗಿ ನಡೆಯುತ್ತದೆ: ಕಾನಿನ ಜಡ್ಡಿಯಿಂದ (ದಟ್ಟ ಕಾಡಿನೊಳಗಿನ ಒದ್ದೆ ನೆಲದಿಂದ), ಹಳ್ಳದ ಮೂಲೆಯ ಜೌಗಿನಿಂದ ಟ್ರ್ಯಾಕ್ಟರ್ ಲೆಕ್ಕದಲ್ಲಿ ಕಪ್ಪು ಮಣ್ಣು ತಂದು ಅಡಿಕೆ, ಕಾಳುಮೆಣಸಿನ ಕೊಟ್ಟೆಗೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ, ತುಂಬುವುದು.

ತಂಪು ದೇಶಗಳ ಪೀಟ್ ನೆಲ ವರ್ಷಕ್ಕೆ ಹೆಚ್ಚೆಂದರೆ 1 ಮಿಲಿಮೀಟರ್ ಬೆಳೆಯುತ್ತದೆ. ಆ ಲೆಕ್ಕ ಹಿಡಿದರೆ ಒಂದು ಮೊಳ ದಪ್ಪದ ಪದರ ಕೆಳದಿ ಅರಸರ ಕಾಲದಿಂದ ಕೂಡಿದ್ದು. ಜೆಸಿಬಿಗೆ ಅದು ಒಂದೇ ಬಾಚು.

ಕೆರೆಗೋಡೋ, ಜೌಗಿನ ಮಣ್ಣೋ?

ಎರಡೂ ಕಪ್ಪು, ಎರಡೂ ಒದ್ದೆ. ಆದರೆ ಕೆರೆಯ ಗೋಡು ಮಳೆನೀರು ಹೊತ್ತು ತಂದ ಮಣ್ಣು, ತೆಗೆದರೆ ಮತ್ತೆ ಬಂದು ಕೂರುತ್ತದೆ. ಜೌಗಿನದು ಹಾಗಲ್ಲ.

ಒಂದು ಹಿಡಿ ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಿಂದ ಚಹಾ ಬಣ್ಣದ ನೀರು ಬಂದು, ಕೈಯಲ್ಲಿ ಬೇರು-ಎಲೆಯ ನಾರು ಉಳಿದರೆ ಅದು ಜೌಗಿನ ಪದರ. ಗೋಡಾದರೆ ಕೆಸರೇ ನುಣ್ಣಗೆ ಜಾರುತ್ತದೆ. ಇನ್ನೂ ಅನುಮಾನವಿದ್ದರೆ ಬಿಸಿಲಲ್ಲಿ ಪೂರ್ತಿ ಒಣಗಿಸಿದ 100 ಗ್ರಾಂ ಮಣ್ಣನ್ನು ಹಳೆ ತಗಡಿನ ಮೇಲೆ ಕೆಂಡದಲ್ಲಿ ಹೊಗೆ ನಿಲ್ಲುವವರೆಗೆ ಸುಟ್ಟು ಮತ್ತೆ ತೂಗಿ. ತೂಕ 70 ಗ್ರಾಮಿಗಿಂತ ಕೆಳಗಿಳಿದರೆ ಹತ್ತರಲ್ಲಿ ಸುಮಾರು ಮೂರು ಪಾಲೋ ಅದಕ್ಕಿಂತ ಹೆಚ್ಚೋ ಸಾವಯವ ವಸ್ತು ಇತ್ತೆಂದೇ ಅರ್ಥ. ಅದನ್ನು ಮುಟ್ಟಬೇಡಿ. ಗೋಡಿನ ತೂಕ ಅಷ್ಟು ಇಳಿಯುವುದಿಲ್ಲ.

ಅಗೆದು ತಂದವರಿಗೂ ಲಾಭ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಈ ಮಣ್ಣು ಒಮ್ಮೆ ಒಣಗಿತೆಂದರೆ ನೀರನ್ನೇ ಒಲ್ಲೆನ್ನುತ್ತದೆ. ಕೊಟ್ಟೆಯ ಗೋಡೆಯಿಂದ ಕುಗ್ಗಿ ಬಿಟ್ಟುಕೊಳ್ಳುತ್ತದೆ, ಹಾಕಿದ ನೀರು ಆ ಸಂದಿಯಲ್ಲಿ ಸೋರಿ ಹೋಗುತ್ತದೆ, ಗಿಡ ನೀರಿದ್ದೂ ಬಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದ್ದ ಮಣ್ಣು ಗಾಳಿ ತಾಗಿದ ಮೇಲೆ ಇನ್ನಷ್ಟು ಹುಳಿಯಾಗುತ್ತದೆ. ಜೇಕಿನ ಕಳೆಯ ಗಡ್ಡೆ ಜೊತೆಗೇ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಕಾಳುಮೆಣಸಿನ ಸೊರಗು ರೋಗದ ರೋಗಾಣು ನೀರಲ್ಲಿ ಈಜುವ ಜಾತಿ. ತೋಟದ ಬಸಿಗಾಲುವೆ ಸೇರುವ ಜೌಗಿನ ಮಣ್ಣು ತುಂಬುವುದೆಂದರೆ ರೋಗವನ್ನೇ ಕೊಟ್ಟೆಗೆ ತುಂಬಿದಂತೆ.

ಬದಲಿ ಮಿಶ್ರಣ: ಸಾವಿರ ಮೆಣಸಿನ ಕೊಟ್ಟೆಗೆ

20 × 12.5 ಸೆಂ.ಮೀ. ಕೊಟ್ಟೆ ಸುಮಾರು 0.85 ಲೀಟರ್ ಹಿಡಿಯುತ್ತದೆ. ಬೆರೆಸುವಾಗ ಸಣ್ಣ ಕಣ ದೊಡ್ಡ ಕಣದ ಸಂದಿಗೆ ಇಳಿದು ಒಟ್ಟು ಅಳತೆ ಕುಗ್ಗುವುದರಿಂದ 1000 ಲೀಟರ್ ಸಾಮಗ್ರಿ ಇಟ್ಟುಕೊಳ್ಳಿ: ತೊಳೆದ ಕೊಕೊಪೀಟ್ 400 ಲೀಟರ್, ಕಳಿತ (ಕೊಳೆತು ಗೊಬ್ಬರವಾದ) ಅಡಿಕೆ ಸಿಪ್ಪೆ 200, ಜರಡಿ ಹಿಡಿದ ಹಿತ್ತಲಿನ ಕೆಂಪು ಮಣ್ಣು 200, ಸುಟ್ಟ ಭತ್ತದ ಹೊಟ್ಟು 100, ಎರೆಗೊಬ್ಬರ 100. ಬಕೆಟಿನಲ್ಲಿ ಅಳೆದರೆ 4:2:2:1:1.

ಅಡಿಕೆ ಸಸಿಗೆ ಹಳೆಯ 7:3:2 ಲೆಕ್ಕವೇ ಇರಲಿ, ಅಂದರೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು. 25 × 15 ಸೆಂ.ಮೀ. ಕೊಟ್ಟೆಗೆ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಬೇಕು. ಆ ಏಳು ಪಾಲಿನಲ್ಲಿ ಮೂರನ್ನು ಕಳಿತ ಸಿಪ್ಪೆಗೆ ಬಿಟ್ಟುಕೊಟ್ಟರೆ ಕಾಡಿನ ಮಣ್ಣಿನ ಹಂಗೂ ತಪ್ಪುತ್ತದೆ.

ಕೊಕೊಪೀಟ್: 5 ಕಿಲೋ ಇಟ್ಟಿಗೆ ನೆನೆದು 60ರಿಂದ 75 ಲೀಟರ್ ಆಗುತ್ತದೆ, ಹಾಗಾಗಿ ಆರೇಳು ಇಟ್ಟಿಗೆ ಸಾಕು. ಕೆಡುವುದು ಇಲ್ಲೇ. ತೊಳೆಯದ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪು ಕೂತಿರುತ್ತದೆ, ಎಲೆಯ ಅಂಚು ಸುಡುತ್ತದೆ. ನೆನೆಸಿ, ಬಸಿದು, ಮತ್ತೆರಡು ಸಲ ತೊಳೆಯಿರಿ. ಕುಡಿಯುವ ನೀರು ನೋಡುವ ಟಿಡಿಎಸ್ ಪೆನ್ನು ಇದ್ದರೆ ಕೊನೆಯ ಸಲ ಬಸಿದ ನೀರನ್ನೂ ಬಾವಿಯ ನೀರನ್ನೂ ಅಳೆಯಿರಿ. ವ್ಯತ್ಯಾಸ 250 ಪಿಪಿಎಂ ಒಳಗಿರಬೇಕು. ಆಮೇಲೆ ಪ್ರತಿ ಇಟ್ಟಿಗೆಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ಒಂದು ದಿನ ಬಿಟ್ಟು ತೊಳೆದರೆ ಉಳಿದ ಸೋಡಿಯಮ್ಮೂ ಜಾಗ ಖಾಲಿ ಮಾಡುತ್ತದೆ. ಆ ನೀರು ಹಳ್ಳಕ್ಕಲ್ಲ, ಬಾಳೆ ಬುಡಕ್ಕೆ.

ಅಡಿಕೆ ಸಿಪ್ಪೆ: ಕೊಯ್ಲು ಮುಗಿದ ಮೇಲೆ ರಸ್ತೆ ಬದಿಗೆ ರಾಶಿ ಬೀಳುವ ಮಾಲು, ದುಡ್ಡು ಕೊಡಬೇಕಿಲ್ಲ. ಇಡಿಯಾಗಿ ಗುಡ್ಡೆ ಹಾಕಿದರೆ ವರ್ಷ ಕಳೆದರೂ ನಾರು ನಾರೇ. ಯಂತ್ರದಲ್ಲಿ ಬೆರಳುದ್ದಕ್ಕೆ ಕತ್ತರಿಸಿ. ಒಂದು ಟನ್ನಿಗೆ 100 ಕಿಲೋ ಸಗಣಿಯ ಬಗ್ಗಡ, 5 ಕಿಲೋ ಯೂರಿಯಾ. ತೆಂಗಿನ ನಾರಿನ ಪುಡಿ ಕೊಳೆಯಿಸಿ ಗೊಬ್ಬರ ಮಾಡಲು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಹೇಳುವ ಯೂರಿಯಾ ಪ್ರಮಾಣವೂ ಇಷ್ಟೇ. ಯೂರಿಯಾ ಬೇಡವೆನ್ನುವವರು ಬಗ್ಗಡವನ್ನು ಇಮ್ಮಡಿ ಮಾಡಿ, ಕಾಲಾವಧಿ ಜಾಸ್ತಿಯಾಗುತ್ತದೆ. ಗುಡ್ಡೆ ಸೊಂಟದೆತ್ತರ, ಅಗಲ ಒಂದೂವರೆ ಮೀಟರ್. ಹದಿನೈದು ದಿನಕ್ಕೊಮ್ಮೆ ಮಗುಚಿ. ಮೇಲೆ ಸೂರು ಕಡ್ಡಾಯ: ಆಗುಂಬೆ ಕಡೆಯ ಜುಲೈ ಮಳೆಗೆ ತೆರೆದ ಗುಡ್ಡೆಯಲ್ಲಿ ಗಾಳಿ ಸತ್ತು ಕೊಳೆ ವಾಸನೆ ಹೊಡೆಯುತ್ತದೆ, ಸಾರವೆಲ್ಲ ತೊಳೆದುಹೋಗುತ್ತದೆ. ಜನವರಿಯಲ್ಲಿ ಹಾಕಿದ್ದು ಮಳೆಗಾಲದ ಹೊತ್ತಿಗೆ ಬಳಕೆಗೆ ಬರುತ್ತದೆ.

ಕಳಿತಿದೆಯೇ ಎಂದು ತಿಳಿಯಲು ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ವಾಸನೆ ಬಂದರೆ ಇನ್ನೂ ಹಸಿ. ಹಸಿ ಸಿಪ್ಪೆ ಕೊಟ್ಟೆಯೊಳಗೇ ಕೊಳೆಯತೊಡಗಿ ಸಾರಜನಕವನ್ನು ತಾನೇ ತಿನ್ನುತ್ತದೆ. ತಿಂಗಳೊಳಗೆ ಕೆಳಗಿನ ಎಲೆ ಹಳದಿಯಾಗುವುದು ಅದರಿಂದ.

ಭತ್ತದ ಹೊಟ್ಟು ಮಿಲ್ಲಿನಿಂದ ಸಿಗುತ್ತದೆ. ಸುಡುವಾಗ ಕಪ್ಪಾದ ಕೂಡಲೇ ನೀರು ಹೊಯ್ದು ಆರಿಸಿ. ಬಿಳಿ ಬೂದಿಯಾದರೆ ಕ್ಷಾರ, ಬೇಡ.

ಬೆರೆಸುವ ಎರಡು ವಾರ ಮೊದಲು ಆ ಎರೆಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಕಲಸಿ, ಗೋಣಿ ಹೊದಿಸಿ ನೆರಳಲ್ಲಿಡಿ. ಬಿಳಿ-ಹಸಿರು ಬೂಸ್ಟು ಹಬ್ಬಿದ ಮೇಲೆ ಸೇರಿಸಿ.

ನೀರು ಹಾಕುವ ರೂಢಿಯನ್ನೂ ಬದಲಿಸಬೇಕು. ಕೊಕೊಪೀಟ್ ಮೇಲೆ ಒಣಗಿ ಕಂಡರೂ ತಳದಲ್ಲಿ ಒದ್ದೆಯಿರುತ್ತದೆ. ಕಣ್ಣಿಂದ ನೋಡಬೇಡಿ, ಕೊಟ್ಟೆ ಎತ್ತಿ ಭಾರ ನೋಡಿ. ಮಳೆಗಾಲದಲ್ಲಿ ಬೇರು ಕೊಳೆತ ಕೊಟ್ಟೆಯನ್ನು ತಿರುಗಿಸಿ ನೋಡಿದರೆ ತೂತುಗಳು ಸಾಲದಿರುವುದೇ ಹೆಚ್ಚು. ಕೆಳಗಿನ ಅರ್ಧದಲ್ಲಿ ಹನ್ನೆರಡಾದರೂ ಇರಲಿ.

ಪಂಚಾಯಿತಿ ಏನು ಮಾಡಬಹುದು

ಯಾವ ಕಾನೂನು ಎಂಬುದು ಜಾಗದ ಮೇಲೆ ನಿಂತಿದೆ, ಆದ್ದರಿಂದ ಪಹಣಿ ಮೊದಲು. ಅರಣ್ಯದೊಳಗಿನ ಜಡ್ಡಿಯಾದರೆ ವಿಷಯ ಸರಳ: 1927ರ ಭಾರತೀಯ ಅರಣ್ಯ ಕಾಯ್ದೆ ‘ಅರಣ್ಯ ಉತ್ಪನ್ನ’ ಎಂದು ಹೆಸರಿಸುವ ಪಟ್ಟಿಯಲ್ಲೇ ಪೀಟ್, ಮೇಲ್ಮಣ್ಣು ಎರಡೂ ಇವೆ. ಕರ್ನಾಟಕದ 1963ರ ಕಾಯ್ದೆಯೂ ಅದೇ ಜಾಡಿನದು. ಒಂದು ಬುಟ್ಟಿಗೂ ಅನುಮತಿ ಬೇಕು. 2017ರ ಜೌಗು ಪ್ರದೇಶ ನಿಯಮಗಳನ್ನು ನೆಚ್ಚಿ ಕೂರಬೇಡಿ. ಅವು ಅನ್ವಯಿಸುವುದು ರಾಮ್ಸರ್ (ಅಂತರರಾಷ್ಟ್ರೀಯ ಮಹತ್ವದ ಜೌಗು) ತಾಣಗಳಿಗೆ ಮತ್ತು ಸರ್ಕಾರ ಅಧಿಸೂಚಿಸಿದ ಜೌಗುಗಳಿಗೆ. ಗದ್ದೆ, ನೀರಾವರಿಗೆ ಕಟ್ಟಿದ ಕೆರೆ ಅದರಿಂದ ಹೊರಗೆ. ಊರ ಮೂಲೆಯ ಜಡ್ಡಿ ಅಧಿಸೂಚನೆಯ ಪಟ್ಟಿಗೆ ಸೇರಬೇಕಾದರೆ ಮೊದಲು ಕಾಗದದ ಮೇಲೆ ಬರಬೇಕು.

ಅದಕ್ಕೆ 3 ಮೀಟರಿನ ಕಬ್ಬಿಣದ ಸರಳು ಸಾಕು. ಹತ್ತು ಹೆಜ್ಜೆಗೊಂದರಂತೆ ಚುಚ್ಚುತ್ತ ಹೋಗಿ, ಮೆತ್ತಗೆ ಇಳಿದು ಗಟ್ಟಿ ತಾಗುವ ಆಳ ಬರೆದುಕೊಳ್ಳಿ. ಸರ್ವೆ ನಂಬರು, ಬೇಸಿಗೆಯಲ್ಲಿ ನೀರು ಎಷ್ಟು ಕೆಳಗಿದೆ, ಯಾವ ಮರಗಳಿವೆ, ಈ ನೀರು ಯಾರ ಗದ್ದೆಗೆ ಹೋಗುತ್ತದೆ ಎಂಬುದನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಿ. ಮಂಡಿಯಂತೆ ಬಾಗಿ ಮೇಲೆದ್ದ ಬೇರುಗಳ ರಾಂಪತ್ರೆ ಜಾತಿಯ ಮರ ಕಂಡರೆ ಅದನ್ನು ಚಿತ್ರ ಸಮೇತ ಬರೆಯಿರಿ. ಸಿದ್ದಾಪುರದ ಕತ್ತಲೆಕಾನಿನಂಥ ಜಡ್ಡಿಗಳ ಗುರುತೇ ಅದು.

ಗೋಡು ತೆಗೆಯಲು ಒಪ್ಪಿಗೆ ಕೊಡುವಾಗ ಷರತ್ತು ಚಿಕ್ಕದಿರಲಿ: ಮಾರ್ಚಿಯಿಂದ ಮೇ ನಡುವೆ ಮಾತ್ರ, ಏರಿಯ ಬುಡ ಮುಟ್ಟಕೂಡದು, ತಳದ ಜಿಗಟು ಪದರ ಕಂಡಲ್ಲಿ ನಿಲ್ಲಿಸಬೇಕು. ಆ ಪದರ ಒಡೆದರೆ ಕೆರೆ ನೀರು ಹಿಡಿಯುವುದಿಲ್ಲ. ಇನ್ನೊಂದು ಹಿಡಿತ ಖರೀದಿಯಲ್ಲಿದೆ. ಪಂಚಾಯಿತಿ, ಸಹಕಾರ ಸಂಘ ಸಸಿ ಕೊಳ್ಳುವಾಗ ‘ಕೊಟ್ಟೆಯ ಮಣ್ಣು ಎಲ್ಲಿಯದು’ ಎಂದು ಬರೆಸಿಕೊಳ್ಳಲಿ, ನಾಲ್ಕು ಕೊಟ್ಟೆ ಒಡೆದು ಹಿಂಡಿ ನೋಡಲಿ.

ಈಗಾಗಲೇ ಅಗೆದ ಗುಂಡಿ ಇದ್ದರೆ ಮಣ್ಣು ತುಂಬುವ ಮೊದಲು ನೀರು ಬಸಿಯುವ ಕಾಲುವೆಯನ್ನು ಮುಚ್ಚಿ, ಮೇ ಮುಗಿಯುವುದರೊಳಗೆ. ಜಂಬಿಟ್ಟಿಗೆಯ ಚೂರಿಗಿಂತ ಜಿಗಟು ಮಣ್ಣು ಒಳ್ಳೆಯದು, ಅಂಚಿಗೆ ಕೇದಗೆ ನೆಟ್ಟರೆ ಕೊಚ್ಚುವುದಿಲ್ಲ. ದಂಡೆಯಲ್ಲಿ ಬಿದ್ದ ಕಪ್ಪು ಮಣ್ಣು ಒಣಗುವ ಮೊದಲೇ ಗುಂಡಿಗೆ ವಾಪಸ್ ತಳ್ಳಿ. ರಾಂಪತ್ರೆ ಬೀಜ ಒಣಗಿದರೆ ಹುಟ್ಟುವುದಿಲ್ಲ; ಹೆಕ್ಕಿದ ವಾರದೊಳಗೆ ಅದೇ ಒದ್ದೆಯಲ್ಲಿ ಊರಿ.