ಯಾವ ಪಂದ್ಯ, ಯಾವ ಪ್ಲೇ: ಕಾಲೇಜು ಫುಟ್‌ಬಾಲ್ ಅಂಕಿಅಂಶದ ಜಗಳದಲ್ಲಿ ನಾನು ಪಾಲಿಸುವ ಕ್ರಮ

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳ ನಡುವೆ ಯಾರಾದರೂ ಒಂದು ಅಂಕಿ ಮುಂದಿಟ್ಟು ‘ಇದಕ್ಕೇನಂತೀರಿ?’ ಅಂದರೆ, ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಮುಂಚೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಯಾವ ಪಂದ್ಯಗಳು ಸೇರಿವೆ? ಯಾವ ಪ್ಲೇಗಳು (ಚೆಂಡು ಆಟಕ್ಕೆ ಬಂದಾಗಿನಿಂದ ನಿಲ್ಲುವವರೆಗಿನ ಒಂದೊಂದು ಯತ್ನ) ಸೇರಿವೆ? ಅರ್ಧಕ್ಕರ್ಧ ಜಗಳ ಇಲ್ಲೇ ಬಗೆಹರಿಯುತ್ತದೆ. ಇಬ್ಬರೂ ಸರಿಯಾದ ಅಂಕಿಯನ್ನೇ ಹಿಡಿದುಕೊಂಡಿರುತ್ತಾರೆ, ಎಣಿಸಿದ್ದು ಮಾತ್ರ ಬೇರೆ ಬೇರೆ.

ಪಂದ್ಯಗಳ ಪ್ರಶ್ನೆಗೆ ಸ್ಯಾಂಡರ್ಸ್–ಜೆಂಟಿ ವಾದ ನೋಡಿ. ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಓಕ್ಲಹೋಮ ಸ್ಟೇಟ್ ಪರ 344 ಸಲ ಚೆಂಡು ಹೊತ್ತು ಓಡಿ 2,628 ಯಾರ್ಡ್ ಗಳಿಸಿದರು. ಒಂದು ಸೀಸನ್ನಿನ ರಷಿಂಗ್ (ಚೆಂಡು ಹೊತ್ತು ಓಡುವ) ದಾಖಲೆ ಅದೇ. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ 374 ಓಟಗಳಲ್ಲಿ 2,601ಕ್ಕೆ ನಿಂತರು, 27 ಯಾರ್ಡ್ ಕಡಿಮೆ. ‘ಕೂದಲೆಳೆಯ ಅಂತರ’ ಅನ್ನುವವರು ಪಂದ್ಯಗಳನ್ನು ಎಣಿಸಿರುವುದಿಲ್ಲ. ಸ್ಯಾಂಡರ್ಸ್ ಅವರದ್ದು 11 ಪಂದ್ಯ, ಜೆಂಟಿಯದ್ದು 14. ಅದರ ಮೇಲೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ, ಸೀಸನ್ ಕೊನೆಯ ಬೌಲ್ ಪಂದ್ಯದ ಅಂಕಿಗಳನ್ನು ಸೀಸನ್ ಮೊತ್ತಕ್ಕೆ ಸೇರಿಸಲು ಶುರು ಮಾಡಿದ್ದು 2002ರಿಂದ. ಹಾಗಾಗಿ ವಯೋಮಿಂಗ್ ವಿರುದ್ಧ ಹಾಲಿಡೇ ಬೌಲ್‌ನಲ್ಲಿ ಸ್ಯಾಂಡರ್ಸ್ ಓಡಿದ 222 ಯಾರ್ಡ್ ಅವರ ಮೊತ್ತದಲ್ಲಿ ಇಲ್ಲ, ಪೆನ್ ಸ್ಟೇಟ್ ವಿರುದ್ಧ ಫಿಯೆಸ್ಟಾ ಬೌಲ್‌ನಲ್ಲಿ ಜೆಂಟಿ ಓಡಿದ 104 ಇದೆ.

ಇಂಥ ಕಡೆ ನಾನು ಎರಡೂ ರೀತಿಯ ಲೆಕ್ಕ ಕೊಡುತ್ತೇನೆ. ಬೌಲ್ ಸೇರಿಸಿದರೆ 12 ಪಂದ್ಯಕ್ಕೆ 2,850, 14 ಪಂದ್ಯಕ್ಕೆ 2,601. ಬಿಟ್ಟರೆ 11ಕ್ಕೆ 2,628, 13ಕ್ಕೆ 2,497. ಹೇಗೆ ಎಣಿಸಿದರೂ ಸ್ಯಾಂಡರ್ಸ್ ಮುಂದೆ, ಅಂತರ 27 ಅಲ್ಲವೇ ಅಲ್ಲ. ಜೆಂಟಿ ಕಡೆಯವರದ್ದೂ ಒಂದು ನ್ಯಾಯವಾದ ಮಾತಿದೆ: ಮುನ್ನಡೆ ದೊಡ್ಡದಾದ ಮೇಲೆ ಕೆಲವು ಪಂದ್ಯಗಳಲ್ಲಿ ಅವರನ್ನು ಬೆಂಚಿಗೆ ಕೂರಿಸಿದ್ದರು. ಆಗ ಪಂದ್ಯವಾರು ಸರಾಸರಿ ಬಿಟ್ಟು ಓಟವಾರು ಸರಾಸರಿಗೆ ಬನ್ನಿ: ಅಧಿಕೃತ ಮೊತ್ತದ ಪ್ರಕಾರ 7.6 ಮತ್ತು 7.0. ಇಷ್ಟು ಬರೆದಿಟ್ಟ ಮೇಲೆ ಎದುರಾಳಿ ತಂಡಗಳ ಮಟ್ಟದ ಬಗ್ಗೆ ಎಷ್ಟು ಬೇಕಾದರೂ ಕಿತ್ತಾಡಬಹುದು, ಅದು ನಿಜವಾದ ಜಗಳ.

ಪ್ಲೇಗಳ ಪ್ರಶ್ನೆಯಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನೋಡಿ ರೂಢಿಯಾದವರು ಎಡವುವುದು ಸ್ಯಾಕ್‌ನಲ್ಲಿ. ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯುವ ಮುನ್ನವೇ ಅವನನ್ನು ಕೆಡವಿದರೆ, ಆ ನಷ್ಟವನ್ನು ಎನ್‌ಎಫ್‌ಎಲ್‌ನಲ್ಲಿ ತಂಡದ ಪಾಸಿಂಗ್ ಯಾರ್ಡ್‌ನಿಂದ ಕಳೆಯುತ್ತಾರೆ. ಕಾಲೇಜಿನಲ್ಲಿ ಅದು ಒಂದು ರಷಿಂಗ್ ಯತ್ನ, ಯಾರ್ಡ್ ಮೈನಸ್. ಬೈ ಓಟಗಳನ್ನು ಬೌಲರ್ ತಲೆಗೆ ಕಟ್ಟಿ ಅವನ ಎಕಾನಮಿ ರೇಟ್ ಚರ್ಚಿಸಿದ ಹಾಗೆ. ಒಂದು ತಂಡ 30 ಓಟಗಳಲ್ಲಿ 150 ಯಾರ್ಡ್ ಗಳಿಸಿದೆ ಅನ್ನಿ, ಓಟಕ್ಕೆ 5. ಅದೇ ಪಂದ್ಯದಲ್ಲಿ 5 ಸ್ಯಾಕ್ ಆಗಿ 35 ಯಾರ್ಡ್ ಹೋದರೆ ಬಾಕ್ಸ್ ಸ್ಕೋರ್‌ನಲ್ಲಿ ಕಾಣುವುದು 35 ಯತ್ನ, 115 ಯಾರ್ಡ್, ಸರಾಸರಿ 3.3. ‘ಇವರಿಗೆ ಓಡೋಕೇ ಬರಲ್ಲ’ ಅನ್ನುವ ತೀರ್ಪು ಹುಟ್ಟುವುದು ಇಲ್ಲಿಂದ. ಕೊನೆಗಳಿಗೆಯಲ್ಲಿ ಗಡಿಯಾರ ಓಡಿಸಲು ಮಂಡಿಯೂರುವ ಪ್ಲೇಗಳೂ, ಸ್ನ್ಯಾಪ್ (ಪ್ಲೇ ಶುರು ಮಾಡಲು ಹಿಂದಕ್ಕೆ ಕೊಡುವ ಚೆಂಡು) ಕ್ವಾರ್ಟರ್‌ಬ್ಯಾಕ್ ತಲೆಯ ಮೇಲೆ ಹಾರಿಹೋದಾಗಿನ ನಷ್ಟವೂ ‘ಟೀಮ್’ ಹೆಸರಿನಲ್ಲಿ ರಷಿಂಗ್‌ಗೇ ಬೀಳುತ್ತವೆ. ಈ ಮೂರನ್ನೂ ತೆಗೆಯದೆ ನಾನು ಯಾವ ತಂಡದ ಓಟದ ಬಗ್ಗೆಯೂ ಬಾಯಿ ಬಿಡುವುದಿಲ್ಲ.

ರೆಡ್ ಝೋನ್ ಶೇಕಡಾವಾರು ಅಂತೂ ಶುದ್ಧ ಮೋಸದ ಅಂಕಿ. ಎದುರಾಳಿಯ 20 ಯಾರ್ಡ್ ಗೆರೆ ದಾಟಿ ಒಳಹೊಕ್ಕಾಗ ಬಂದ ಫೀಲ್ಡ್ ಗೋಲನ್ನೂ (3 ಅಂಕ) ಟಚ್‌ಡೌನನ್ನೂ (ಜೊತೆಯ ಕಿಕ್ ಸೇರಿ 7) ಅದು ಒಂದೇ ತಕ್ಕಡಿಗೆ ಹಾಕುತ್ತದೆ. ಹತ್ತು ಸಲ ಹೋಗಿ 3 ಟಚ್‌ಡೌನ್, 7 ಫೀಲ್ಡ್ ಗೋಲ್ ತಂದವರಿಗೆ ಶೇ. 100, ಅಂಕ 42. ಎಂಟು ಟಚ್‌ಡೌನ್ ತಂದು ಎರಡು ಸಲ ಬರಿಗೈಯಲ್ಲಿ ಬಂದವರಿಗೆ ಶೇ. 80, ಅಂಕ 56.

ಇನ್ನು ಅತಿ ಹೆಚ್ಚು ಬಿಸಿ ಏರಿಸುವ ವಿಷಯ: ‘ಅದೃಷ್ಟ’. ನೆಬ್ರಾಸ್ಕ 2021ರಲ್ಲಿ 3 ಗೆದ್ದು 9 ಸೋತಿತು, ಆದರೆ ಗಳಿಸಿದ್ದು 335 ಅಂಕ, ಕೊಟ್ಟಿದ್ದು 272. ಗಳಿಸಿದ ಅಂಕದ 2.37ನೇ ಘಾತವನ್ನು, ಗಳಿಸಿದ್ದು ಮತ್ತು ಕೊಟ್ಟಿದ್ದು ಎರಡರ 2.37ನೇ ಘಾತಗಳ ಮೊತ್ತದಿಂದ ಭಾಗಿಸಿದರೆ ನಿರೀಕ್ಷಿತ ಗೆಲುವಿನ ಪ್ರಮಾಣ ಸಿಗುತ್ತದೆ. ನೆಬ್ರಾಸ್ಕಕ್ಕೆ ಅದು 0.62, ಅಂದರೆ 12ರಲ್ಲಿ 7.4 ಗೆಲುವು. ‘ನಾಲ್ಕು ಗೆಲುವು ಕಳ್ಳತನವಾಗಿದೆ, ಮುಂದಿನ ವರ್ಷ ನೋಡಿ’ ಅನ್ನುವ ವಾದದ ಬೇರು ಇದು.

ನಾನು ಮಾಡುವುದು ಮೊತ್ತವನ್ನು ಒಡೆದು ನೋಡುವುದು. ಒಂಬತ್ತು ಸೋಲುಗಳ ಅಂತರ 8, 7, 3, 3, 7, 5, 9, 7, 7: ಒಟ್ಟು 56. ಮೂರು ಗೆಲುವುಗಳದ್ದು 45, 25, 49: ಒಟ್ಟು 119. ಮೂರೇ ಪಂದ್ಯ ಇಡೀ ಸೀಸನ್ನಿನ ಬಣ್ಣ ಬದಲಿಸಿವೆ. ಅದರಲ್ಲಿ 45ರದ್ದು ಫೋರ್ಡಮ್ ವಿರುದ್ಧ, ಅದು ಒಂದು ಮೆಟ್ಟಿಲು ಕೆಳಗಿನ ಎಫ್‌ಸಿಎಸ್ ತಂಡ. ಅದೊಂದನ್ನು ತೆಗೆದರೆ 283–265, ನಿರೀಕ್ಷೆ 11ರಲ್ಲಿ 5.9. ಉಳಿದ ಎರಡು ಗೆಲುವಿನೊಡನೆ ಹೋಲಿಸಿದರೆ ಇದೂ ದೊಡ್ಡ ಕೊರತೆಯೇ, ಆದ್ದರಿಂದ ‘ಅದೃಷ್ಟವೇ ಇಲ್ಲ, ತಂಡವೇ ಕೆಟ್ಟದ್ದು’ ಅನ್ನುವವರೂ ಪೂರ್ತಿ ಸರಿಯಿಲ್ಲ. ಎಂಟು ಅಥವಾ ಕಡಿಮೆ ಅಂಕದ ಅಂತರದಲ್ಲಿ ಮುಗಿದ ಪಂದ್ಯಗಳಲ್ಲಿ ಆ ತಂಡ 0–8. ಪ್ರತಿಯೊಂದೂ ನಾಣ್ಯ ಚಿಮ್ಮಿದಂತೆ ಅಂದುಕೊಂಡರೆ ಎಂಟೂ ಸೋಲುವ ಸಾಧ್ಯತೆ 256ಕ್ಕೆ 1. ಆಗ ಕಾಲೇಜು ಫುಟ್‌ಬಾಲ್‌ನ ಮೇಲಿನ ಮೆಟ್ಟಿಲಾದ ಎಫ್‌ಬಿಎಸ್‌ನಲ್ಲಿದ್ದದ್ದು 130 ತಂಡ. ಇಷ್ಟು ತಂಡಗಳು ವರ್ಷ ವರ್ಷವೂ ಆಡುತ್ತಿದ್ದರೆ ಇಂಥದ್ದೊಂದು ಯಾವುದಾದರೂ ಊರಿನ ಪಾಲಿಗೆ ಬಂದೇ ಬರುತ್ತದೆ.

ನಿರೀಕ್ಷಿತ ಗೆಲುವನ್ನು ಭವಿಷ್ಯವಾಣಿ ಮಾಡಿಕೊಂಡವರಿಗೆ ಮುಂದಿನ ವರ್ಷವೇ ಉತ್ತರ ಸಿಕ್ಕಿತು. 2022ರ ಮೊದಲ ಪಂದ್ಯ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ವಿರುದ್ಧ 31–28 ಸೋಲು. ಸೆಪ್ಟೆಂಬರ್‌ನಲ್ಲಿ ತವರಲ್ಲೇ ಜಾರ್ಜಿಯ ಸದರ್ನ್‌ಗೆ 45–42 ಸೋತ ಮೇಲೆ ಕೋಚ್ ಸ್ಕಾಟ್ ಫ್ರಾಸ್ಟ್ ಕೆಲಸ ಕಳೆದುಕೊಂಡರು, ಸೀಸನ್ ಮುಗಿದದ್ದು 4–8ಕ್ಕೆ. ಇದನ್ನು ತೋರಿಸಿ ‘ನೋಡಿ, ಸೂತ್ರ ಸುಳ್ಳು’ ಅನ್ನುವುದೂ ಅಷ್ಟೇ ಆತುರ. ಆಟಗಾರರು ಬದಲಾಗಿದ್ದಾರೆ, ಕೋಚ್ ಬದಲಾಗಿದ್ದಾರೆ. ಹಳೆ ಅಂಕಿ ಹೇಳಿದ್ದು ಹಳೆ ತಂಡದ ಬಗ್ಗೆ.

ಕ್ವಾರ್ಟರ್‌ಬ್ಯಾಕ್ ರೇಟಿಂಗ್ ಜಗಳ ಬಂದಾಗ ಸೂತ್ರವನ್ನೇ ಬಿಚ್ಚಿಡುತ್ತೇನೆ. ಕಾಲೇಜಿನದ್ದು ಹೀಗೆ: ಯಾರ್ಡ್ × 8.4, ಟಚ್‌ಡೌನ್ × 330, ಪೂರ್ತಿಯಾದ ಪಾಸ್ × 100 ಕೂಡಿಸಿ, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) × 200 ಕಳೆದು, ಒಟ್ಟು ಎಸೆದ ಪಾಸ್‌ಗಳಿಂದ ಭಾಗಿಸಿ. 158.3ಕ್ಕೆ ನಿಲ್ಲುವ ಎನ್‌ಎಫ್‌ಎಲ್ ರೇಟಿಂಗ್ ಜೊತೆ ಇದನ್ನು ಬೆರೆಸಬಾರದು. ಎಲ್‌ಎಸ್‌ಯುನ ಜೋ ಬರೋ 2019ರಲ್ಲಿ 527ಕ್ಕೆ 402 ಪಾಸ್, 5,671 ಯಾರ್ಡ್, 60 ಟಚ್‌ಡೌನ್, 6 ಇಂಟರ್‌ಸೆಪ್ಷನ್: 202.0. ಅಲಬಾಮಾದ ಮ್ಯಾಕ್ ಜೋನ್ಸ್ 2020ರಲ್ಲಿ 402ಕ್ಕೆ 311, 4,500 ಯಾರ್ಡ್, 41, 4: 203.1. ಜೋನ್ಸ್ ಮೊತ್ತದಿಂದ ಇಡೀ ಸೀಸನ್ನಿಗೆ 52 ಯಾರ್ಡ್ ತೆಗೆದರೆ ಇಬ್ಬರೂ ಸಮ. ಒಂದು ಉದ್ದ ಪಾಸ್ ಸಾಕು. ಆ ಸೂತ್ರದಲ್ಲಿ ಸ್ಯಾಕ್ ಇಲ್ಲ, ಕ್ವಾರ್ಟರ್‌ಬ್ಯಾಕ್ ತಾನೇ ಓಡಿದ್ದು ಇಲ್ಲ, ಗಿಡ್ಡ ಪಾಸ್ ಹಿಡಿದು ರಿಸೀವರ್ ಓಡಿದ ಯಾರ್ಡೆಲ್ಲ ಎಸೆದವನ ಖಾತೆಗೆ. 1.1ರ ವ್ಯತ್ಯಾಸ ಹಿಡಿದುಕೊಂಡು ‘ಸಾರ್ವಕಾಲಿಕ ಶ್ರೇಷ್ಠ’ ಯಾರು ಅಂತ ತೀರ್ಮಾನಿಸಲು ನಾನಂತೂ ಹೋಗುವುದಿಲ್ಲ.

ನನ್ನ ಸ್ಪ್ರೆಡ್‌ಶೀಟ್ ಸರಳ. ಪ್ಲೇಗೊಂದು ಸಾಲು: ಕ್ವಾರ್ಟರ್, ಆಗಿನ ಸ್ಕೋರ್ ಅಂತರ, ಡೌನ್ (10 ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಬೇಕಿದ್ದ ಯಾರ್ಡ್, ಸಿಕ್ಕಿದ್ದು, ಸ್ಯಾಕ್ ಹೌದೋ ಅಲ್ಲವೋ, ಡ್ರೈವ್ (ಚೆಂಡು ಒಂದು ಸಲ ಕೈಗೆ ಬಂದಾಗಿನ ಪ್ಲೇಗಳ ಸರಣಿ) ಸಂಖ್ಯೆ. ಬೇಕಿದ್ದ ಯಾರ್ಡ್‌ನಲ್ಲಿ ಮೊದಲ ಡೌನ್‌ಗೆ ಶೇ. 50, ಎರಡನೆಯದಕ್ಕೆ ಶೇ. 70, ಮೂರು–ನಾಲ್ಕಕ್ಕೆ ಪೂರ್ತಿ ಸಿಕ್ಕರೆ ಆ ಪ್ಲೇ ಸಫಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂತರ 22 ಅಥವಾ ಹೆಚ್ಚಿದ್ದರೆ ಆ ಸಾಲುಗಳನ್ನು ಬೇರೆ ಹಾಳೆಗೆ ಸರಿಸುತ್ತೇನೆ. ಗೆದ್ದಾಗಿರುತ್ತದೆ, ಮೀಸಲು ಆಟಗಾರರು ಇಳಿದಿರುತ್ತಾರೆ. ಅಂತರದ ಕಾಲಂ ಇನ್ನೊಂದಕ್ಕೂ ಬೇಕು. ‘40 ಸಲ ಓಡಿದರೆ ಗೆಲ್ಲುತ್ತೇವೆ’ ಅನ್ನುವವರಿಗೆ ಮೊದಲ ಅರ್ಧದ ಓಟಗಳನ್ನು ಮಾತ್ರ ತೋರಿಸಿ. ಮುಂದಿರುವ ತಂಡ ಸಮಯ ಕಳೆಯಲು ಓಡುತ್ತದೆ, ಆ ಓಟಗಳಿಂದ ಗೆಲುವು ಬಂದದ್ದಲ್ಲ.

ವರ್ಷಗಳ ನಡುವಿನ ಹೋಲಿಕೆಗೆ 2023 ಒಂದು ಗಡಿ. ಅಲ್ಲಿವರೆಗೆ ಪ್ರತಿ ಫಸ್ಟ್ ಡೌನ್ ಆದಾಗಲೂ (ಬೇಕಿದ್ದ ಯಾರ್ಡ್ ದಾಟಿ ಹೊಸ ನಾಲ್ಕು ಯತ್ನ ಸಿಕ್ಕಾಗ) ಗಡಿಯಾರ ನಿಲ್ಲುತ್ತಿತ್ತು. ಆ ವರ್ಷದಿಂದ ಎಫ್‌ಬಿಎಸ್‌ನಲ್ಲಿ ಪ್ರತಿ ಅರ್ಧದ ಕೊನೆಯ ಎರಡು ನಿಮಿಷದಲ್ಲಿ ಮಾತ್ರ ನಿಲ್ಲುತ್ತದೆ. ಪಂದ್ಯಕ್ಕೆ ಸಿಗುವ ಪ್ಲೇಗಳು ಕಡಿಮೆಯಾದವು, ಹಾಗಾಗಿ ಯಾರ ಡಿಫೆನ್ಸೂ ಸುಧಾರಿಸದೆ ‘ಪಂದ್ಯಕ್ಕೆ ಕೊಟ್ಟ ಯಾರ್ಡ್’ ಇಳಿಯುತ್ತದೆ. 2019 ಮತ್ತು 2024ರ ತಂಡಗಳನ್ನು ಪಂದ್ಯವಾರು ಪಕ್ಕಪಕ್ಕ ಇಟ್ಟವರಿಗೆ ಡ್ರೈವ್‌ವಾರು ಅಂಕ ಕೊಡಿ ಅನ್ನುತ್ತೇನೆ, ಅರ್ಧ ಮುಗಿಸಲು ಮಂಡಿಯೂರಿದ ಡ್ರೈವ್‌ಗಳನ್ನು ಬಿಟ್ಟು. ಅವರು ಕೊಡದಿದ್ದರೆ ನಾನೇ ಮಾಡಿ ಹಾಕುತ್ತೇನೆ, ಶೀಟ್ ಸಿದ್ಧವಿದ್ದರೆ ಹೆಚ್ಚು ಹೊತ್ತು ಹಿಡಿಯುವ ಕೆಲಸವಲ್ಲ.