ಗಂಗಾಪುರ ಹಿನ್ನೀರಿನ ದಂಡೆ, ಒಂದು ದಿನ, ಮೂರು ವೈನರಿ: ದಾವಣಗೆರೆಯಿಂದ ಹೋಗುವ ನಮ್ಮ ಕ್ರಮ

ಒಂದು ದಿನಕ್ಕೆ ಮೂರೇ ವೈನರಿ. ನಾಲ್ಕನೆಯದಕ್ಕೆ ಹೊರಟರೆ ಕುಡಿಯಬಹುದು, ರುಚಿ ನೋಡಲಾಗುವುದಿಲ್ಲ. ಅಮಲು ತಲೆಗೇರುವ ಮುಂಚೆಯೇ ನಾಲಿಗೆ ದಣಿದಿರುತ್ತದೆ. ನಮ್ಮದು ಆರು ಜನರ ಗುಂಪು, ನಾಸಿಕ್‌ಗೆ ಹೊರಡುವಾಗ ಎಲ್ಲ ಲೆಕ್ಕವನ್ನೂ ನಾಲಿಗೆಯಿಂದಲೇ ಶುರು ಮಾಡುತ್ತೇವೆ. ಬೆಳಗಿನ ಮೊದಲ ಬಿಳಿ ವೈನ್‌ನ ಹುಳಿ ಎಷ್ಟು ಚೊಕ್ಕವಾಗಿ ತಿಳಿಯಿತೋ, ಸಂಜೆಯ ಕೊನೆಯ ಕೆಂಪು ವೈನ್‌ನ ಒಗರೂ ಅಷ್ಟೇ ಚೊಕ್ಕವಾಗಿ ತಿಳಿಯಬೇಕು. ಊಟ, ತಿಂಡಿ, ಗಾಡಿ, ವೇಳೆ ಎಲ್ಲವನ್ನೂ ಇದಕ್ಕೆ ಹೊಂದಿಸಿಕೊಳ್ಳುತ್ತೇವೆ.

ದಾವಣಗೆರೆಯವರಿಗೆ ನಂದಿ ಬೆಟ್ಟದ ಸುತ್ತಿನ ವೈನರಿ ಹತ್ತಿರ, ನಿಜ. ಆದರೆ ಒಂದೇ ರಸ್ತೆಯಲ್ಲಿ, ಒಂದೇ ನೀರಿನ ದಂಡೆಗೆ ಹೊಂದಿಕೊಂಡು, ಕೆಲವೇ ಕಿಲೋಮೀಟರ್ ಅಂತರದಲ್ಲಿ ಮೂರು ವೈನರಿ ಬೇಕೆಂದರೆ ನಾಸಿಕ್‌ನ ಗಂಗಾಪುರ ಅಣೆಕಟ್ಟಿನ ಕಡೆಗೇ ಹೋಗಬೇಕು. ಗೋದಾವರಿಗೆ ಕಟ್ಟಿದ ಮಣ್ಣಿನ ಕಟ್ಟೆ ಅದು. ನಮ್ಮ ಮಾರಿಕಣಿವೆ ಎರಡು ಗುಡ್ಡಗಳ ನಡುವೆ ಬಿಗಿಯಾಗಿ ನಿಂತ ಕಲ್ಲಿನ ಕಟ್ಟೆ. ಗಂಗಾಪುರದ ಹಿನ್ನೀರು ಹಾಗಲ್ಲ, ಬಯಲಿನಲ್ಲಿ ಸೂಳೆಕೆರೆಯಂತೆ ಅಗಲಕ್ಕೆ ಹರಡಿಕೊಂಡಿದೆ. ನಗರದಿಂದ ಪಶ್ಚಿಮಕ್ಕೆ ಹೋದರೆ ಗೋವರ್ಧನ ಗ್ರಾಮದ ಬಳಿ ಸುಲಾ, ಇನ್ನೂ ಮುಂದೆ ಗಂಗಾವರ್ಹೆಯಲ್ಲಿ ಸೋಮಾ ಮತ್ತು ಯಾರ್ಕ್. ಯಾರ್ಕ್ 2021ರಿಂದ ಸುಲಾದ ಒಡೆತನದಲ್ಲಿದೆ, ವೈನ್‌ಗಳು ಮಾತ್ರ ಬೇರೆ ಹೆಸರಿನಲ್ಲೇ ಬರುತ್ತವೆ. ದಿಂಡೋರಿ ಕಡೆಯ ಶಾಂಡನ್, ಇಗತ್‌ಪುರಿ ಕಡೆ ಮುಕಣೆ ಜಲಾಶಯದ ಹತ್ತಿರದ ವಲೋನೆ ಕೂಡ ಒಳ್ಳೆಯ ಜಾಗಗಳೇ. ಆದರೆ ಒಂದು ಉತ್ತರಕ್ಕೆ, ಇನ್ನೊಂದು ನೈಋತ್ಯಕ್ಕೆ. ಅವನ್ನು ಇದೇ ದಿನಕ್ಕೆ ಸೇರಿಸಿದರೆ ಅರ್ಧ ದಿನ ಗಾಡಿಯಲ್ಲೇ ಕಳೆಯುತ್ತದೆ. ಬೇಕಿದ್ದರೆ ಮರುದಿನಕ್ಕೆ ಇಟ್ಟುಕೊಳ್ಳಿ.

ದಾವಣಗೆರೆಯಿಂದ ರಸ್ತೆಯಲ್ಲಿ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ನಾಸಿಕ್‌ಗೆ ಸುಮಾರು 780 ಕಿ.ಮೀ. ಒಂದೇ ಏಟಿಗೆ ಹೋಗಿ ಮರುದಿನ ಬೆಳಿಗ್ಗೆ ವೈನ್ ರುಚಿ ನೋಡುತ್ತೇವೆ ಅನ್ನಬೇಡಿ. ನಿದ್ದೆಗೆಟ್ಟ ಮೂಗಿಗೆ ವಾಸನೆ ಹಿಡಿಯುವುದಿಲ್ಲ. ನಾವು ಪುಣೆವರೆಗೆ ರೈಲು, ಅಲ್ಲಿಂದ 210 ಕಿ.ಮೀ ಬಾಡಿಗೆ ಗಾಡಿ, ಆ ರಾತ್ರಿ ನಾಸಿಕ್‌ನಲ್ಲಿ ಪೂರ್ತಿ ನಿದ್ದೆ. ಟೇಸ್ಟಿಂಗ್ ಮಾರನೆಯ ದಿನ.

ಕಾಲ: ಫೆಬ್ರುವರಿ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್ ಆಸುಪಾಸು. ನಮ್ಮಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ಕಡೆಯವರು ಚಾಟ್ನಿ ಅನ್ನುತ್ತಾರಲ್ಲ, ಅದೇ. ಏಪ್ರಿಲ್ ಸುಮಾರಿಗೆ ಮಾಡುವುದು ಕಡ್ಡಿ ಬೆಳೆಸಲು, ಮಳೆ ಹಿಂದೆ ಸರಿಯುವಾಗ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾಡುವುದು ಹಣ್ಣಿಗೆ. ಹಾಗಾಗಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಆ ಸಮಯದಲ್ಲಿ ಹೋದರೆ ತೊಟ್ಟು ಬಿಡಿಸುವ ಯಂತ್ರ ಓಡುತ್ತಿರುತ್ತದೆ, ತೊಟ್ಟಿಯಲ್ಲಿ ಹುಳಿಯುವ ವಾಸನೆ ಬರುತ್ತಿರುತ್ತದೆ. ಮಳೆಗಾಲದಲ್ಲಿ ಹಸಿರೂ ನೀರೂ ಚೆಂದ, ಆದರೆ ಒಳಗೆ ನೋಡಲು ಸ್ಟೀಲ್ ಟ್ಯಾಂಕ್ ಬಿಟ್ಟರೆ ಏನೂ ಇಲ್ಲ. ಶನಿವಾರ, ಭಾನುವಾರ ಬೇಡವೇ ಬೇಡ. ಮುಂಬೈ, ಪುಣೆ ಜನ ತುಂಬಿರುತ್ತಾರೆ, ಸುರಿಯುವವರಿಗೆ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ಮಂಗಳವಾರದಿಂದ ಗುರುವಾರ ಒಳ್ಳೆಯದು. ರಜೆ ಸಿಗುತ್ತದೆಂದು ಜನವರಿ 26ಕ್ಕೆ ಹೊಂದಿಸುವವರು ಬಹಳ. ಆ ದಿನ ಒಣದಿನ, ಒಂದು ಹನಿಯೂ ಸುರಿಯುವುದಿಲ್ಲ. ಜನವರಿ 30 ಕೂಡ ಮಹಾರಾಷ್ಟ್ರದಲ್ಲಿ ಹಾಗೆಯೇ. ಸ್ಥಳೀಯ ಚುನಾವಣೆ ಇದ್ದರೂ ಬಂದ್. ವಯಸ್ಸು 21 ತುಂಬಿರಬೇಕು, ಆಧಾರ್ ಅಥವಾ ಡಿ.ಎಲ್. ಜೊತೆಗಿರಲಿ.

ಈಗ ಅಳತೆಯ ಲೆಕ್ಕ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಟೇಸ್ಟಿಂಗ್‌ನಲ್ಲಿ ಐದಾರು ವೈನ್, ಒಂದೊಂದು 25 ಮಿ.ಲೀ ಎಂದುಕೊಳ್ಳಿ. ಆರಕ್ಕೆ 150 ಮಿ.ಲೀ ಆಯಿತು. 12.5 ಶೇಕಡಾ ಮದ್ಯಸಾರವಿದ್ದರೆ ಅದರಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್. ದೇಹ ಅದನ್ನು ಕರಗಿಸಲು ಹೆಚ್ಚುಕಡಿಮೆ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಗಾಡಿ ಓಡಿಸುವವರಿಗೆ ಕಾನೂನು ಇಟ್ಟ ಮಿತಿ 100 ಮಿ.ಲೀ ರಕ್ತಕ್ಕೆ 30 ಮಿ.ಗ್ರಾಂ. ಅರವತ್ತು ಕೆ.ಜಿ ತೂಕದವರು ಬರಿಹೊಟ್ಟೆಯಲ್ಲಿ ಒಂದೇ ಟೇಸ್ಟಿಂಗ್ ನುಂಗಿದರೂ ಇದನ್ನು ದಾಟಬಹುದು. ಸಿಕ್ಕಿಬಿದ್ದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ‘ನಾನು ಸ್ವಲ್ಪವೇ ಕುಡಿತೀನಿ, ನಾನೇ ಓಡಿಸ್ತೀನಿ’ ಎನ್ನುವವರ ಕೈಗೆ ಕೀಲಿ ಕೊಡಬೇಡಿ. ಇಡೀ ದಿನಕ್ಕೆ ಚಾಲಕರ ಸಮೇತ ಗಾಡಿ ಮಾಡಿ. ಸಂಜೆ ಗಂಗಾವರ್ಹೆಯಿಂದ ನಗರಕ್ಕೆ ಆ್ಯಪ್‌ನಲ್ಲಿ ಗಾಡಿ ಸಿಗುತ್ತದೆ ಎಂದು ನಂಬಿಕೊಂಡು ಕೂರಬಾರದು. ಚಾಲಕರಿಗೆ ಊಟದ ದುಡ್ಡು ಬೇರೆಯಾಗಿ, ಮೊದಲೇ ಕೊಟ್ಟುಬಿಡಿ.

ಆರು ಜನ ಎನ್ನುವ ಸಂಖ್ಯೆಗೂ ಕಾರಣವಿದೆ. ಇಬ್ಬರಿಗೆ ಒಂದರಂತೆ ಮೂರು ಟೇಸ್ಟಿಂಗ್ ತೆಗೆದುಕೊಂಡರೆ ತಲೆಗೆ 75 ಮಿ.ಲೀ, ಮೂರು ಕಡೆ ಸೇರಿ 225 ಮಿ.ಲೀ. ದಿನವಿಡೀ ಹಂಚಿಹೋದರೆ ತಡೆದುಕೊಳ್ಳಬಹುದಾದ ಅಳತೆ. ಹೀಗೆ ಹಂಚಿಕೊಳ್ಳಲು ಬಿಡುತ್ತಾರೆಯೇ ಎಂದು ಫೋನಿನಲ್ಲೇ ಕೇಳಿ ಬುಕ್ ಮಾಡಿ. ಮಧ್ಯಾಹ್ನ ಊಟಕ್ಕೆ ಒಂದು ಬಾಟಲಿ ತೆಗೆದರೂ 750 ಮಿ.ಲೀ ಆರು ಗ್ಲಾಸಿಗೆ ಸರಿಯಾಗಿ 125ರಂತೆ ಬರುತ್ತದೆ. ಎಂಟು ಜನ ಮೀರಿದರೆ ಟೇಬಲ್ ಎರಡಾಗುತ್ತದೆ, ಮಾತೂ ಎರಡಾಗುತ್ತದೆ.

ವೇಳೆ ಹೀಗೆ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಸುಲಾ. ಭಾರತದಲ್ಲಿ ವೈನರಿಯೊಳಗೇ ಕೂರಿಸಿ ರುಚಿ ತೋರಿಸುವ ಪದ್ಧತಿ ಮೊದಲು ಶುರುವಾದದ್ದು ಇಲ್ಲಿ, 2005ರಲ್ಲಿ. ದೊಡ್ಡ ಜಾಗ, ಮಧ್ಯಾಹ್ನದ ಹೊತ್ತಿಗೆ ಸಂತೆ. ಮೊದಲ ಟೂರ್ ಹಿಡಿದರೆ ಮಾತ್ರ ನೆಮ್ಮದಿ. ಮಧ್ಯಾಹ್ನ ಸೋಮಾ, ಅಲ್ಲೇ ಊಟ, ಊಟದ ಮೇಲೆ ಒಂದೂವರೆ ಗಂಟೆ ಏನೂ ಕುಡಿಯದೆ ನೆರಳಿನಲ್ಲಿ ಕೂರುವುದು. ಈ ಬಿಡುವು ತಪ್ಪಿಸಿದ ದಿನ ಮೂರನೆಯ ವೈನರಿ ವ್ಯರ್ಥವೇ. ನಾಲ್ಕೂವರೆಗೆ ಯಾರ್ಕ್. ಅಲ್ಲಿನ ಜಗಲಿಯಿಂದ ಹಿನ್ನೀರಿನ ಮೇಲೆ ಸೂರ್ಯ ಇಳಿಯುವುದು ಕಾಣುತ್ತದೆ, ಅದಕ್ಕೇ ಕೊನೆಗೆ ಇಟ್ಟಿದ್ದು. ನೀರಿನ ಕಡೆಯ ಟೇಬಲ್ ಬೇಕೆಂದು ಬುಕ್ ಮಾಡುವಾಗಲೇ ಹೇಳಿ.

ನಾಲಿಗೆ ಕಾಯುವ ವಿಚಾರಕ್ಕೆ ಬರೋಣ. ನಾಸಿಕ್‌ನವರಿಗೆ ಬೆಳಗಿನ ತಿಂಡಿ ಎಂದರೆ ಮಿಸಳ್. ನಮಗೆ ಖಾರ ಮಂಡಕ್ಕಿ, ಮಿರ್ಚಿ ಹೇಗೋ ಹಾಗೆ. ತಿನ್ನಿ, ಆದರೆ ವಾಪಸ್ ಬರುವ ದಿನ. ಮದ್ಯಸಾರವೂ ಮೆಣಸಿನಕಾಯಿಯ ಖಾರವೂ ಬಾಯಲ್ಲಿ ಒಂದೇ ಬಗೆಯ ಉರಿ ಎಬ್ಬಿಸುವಂಥವು. ಖಾರ ತಿಂದ ಬಾಯಿಗೆ 13 ಶೇಕಡಾ ವೈನ್ ಕೂಡ ಬ್ರಾಂದಿಯಂತೆ ಸುಡುತ್ತದೆ, ಹಣ್ಣಿನ ರುಚಿ ಕಾಣುವುದೇ ಇಲ್ಲ. ಬೆಳಿಗ್ಗೆ ನಮಗೆ ಖಾರ ಹಾಕದ ಅವಲಕ್ಕಿ, ಬೆಣ್ಣೆ ಹಚ್ಚಿದ ಬ್ರೆಡ್ಡು, ಮೊಟ್ಟೆ. ಜಿಡ್ಡು ಹೊಟ್ಟೆಯಲ್ಲಿದ್ದರೆ ಆಲ್ಕೋಹಾಲ್ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಬೆಣ್ಣೆ ದೋಸೆ ಸಿಕ್ಕಿದ್ದರೆ ಅದಕ್ಕಿಂತ ಒಳ್ಳೆಯದಿರಲಿಲ್ಲ, ಚಟ್ನಿ ಬಿಟ್ಟು.

ಊರಿನಿಂದ ಒಂದು ವಸ್ತು ಮಾತ್ರ ತಪ್ಪದೆ ಒಯ್ಯುತ್ತೇವೆ: ಬರೀ ಮಂಡಕ್ಕಿ, ಅರ್ಧ ಕೆ.ಜಿ. ಒಗ್ಗರಣೆ ಇಲ್ಲ, ಪುಟಾಣಿ ಪುಡಿ ಇಲ್ಲ. ಒಂದು ವೈನ್‌ನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಚೊಕ್ಕ ಮಾಡಿಕೊಳ್ಳಲು ಅಲ್ಲಿ ಉಪ್ಪು ಬಿಸ್ಕೆಟ್ ಕೊಡುತ್ತಾರೆ. ಉಪ್ಪು ಬಿದ್ದ ಬಾಯಿಗೆ ಮುಂದಿನ ವೈನ್‌ನ ಹುಳಿ ಕಡಿಮೆಯೆನಿಸುತ್ತದೆ. ಮಂಡಕ್ಕಿಯಲ್ಲೂ ಅಲ್ಪ ಉಪ್ಪಿರುತ್ತದೆ, ಆದರೆ ಬಿಸ್ಕೆಟ್‌ಗಿಂತ ಎಷ್ಟೋ ವಾಸಿ, ಎಣ್ಣೆಯೂ ಇಲ್ಲ. ನಾಲ್ಕು ಕಾಳು, ಒಂದು ಗುಟುಕು ನೀರು, ಸಾಕು. ಹೊರಗಿನ ತಿಂಡಿ ಒಳಗೆ ಬಿಡದ ಕಡೆ ನೀರೊಂದೇ ಸಾಕು.

ಮೂಗಿಗೂ ಪಥ್ಯವಿದೆ. ಸೆಂಟು, ಮಲ್ಲಿಗೆ, ಪಾನ್, ಗುಟ್ಕಾ, ಸಿಗರೇಟು ಯಾವುದೂ ಬೇಡ. ಒಬ್ಬರು ಹಾಕಿಕೊಂಡ ಸೆಂಟು ಆರು ಜನರ ಟೇಸ್ಟಿಂಗ್ ಕೆಡಿಸುತ್ತದೆ. ಪೇಸ್ಟ್ ಹಚ್ಚಿ ಹಲ್ಲುಜ್ಜಿ ಒಂದು ಗಂಟೆಯಾದರೂ ಕಳೆದಿರಲಿ. ಪೇಸ್ಟಿನ ನೊರೆ ಸಿಹಿಯನ್ನು ಮರೆಸಿ ಕಹಿಯನ್ನು ಎತ್ತುತ್ತದೆ.

ಹೋಗುವ ಮುಂಚಿನ ವಾರ ಮನೆಯಲ್ಲೇ ತಾಲೀಮು ಮಾಡಿಕೊಳ್ಳಿ. ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗ ಬರುವ ಹಸಿ ವಾಸನೆಯೇ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್‌ನಲ್ಲೂ ಇದೆ, ಎರಡರಲ್ಲೂ ಪೈರಜೀನ್ ಎಂಬ ಒಂದೇ ಜಾತಿಯ ವಸ್ತು. ಕುಟ್ಟಿದ ಕಾಳುಮೆಣಸು ಶಿರಾಜ್ ಎಂಬ ಕೆಂಪು ವೈನ್‌ಗೆ. ಲವಂಗ, ವೆನಿಲ್ಲಾ, ಹುರಿದ ಕೊಬ್ಬರಿ ಮೂಸಿಟ್ಟುಕೊಂಡರೆ ಓಕ್ ಪೀಪಾಯಿಯಲ್ಲಿಟ್ಟ ವೈನ್ ಗುರುತು ಸಿಗುತ್ತದೆ. ಪುಸ್ತಕಗಳಲ್ಲಿ ಬರೆಯುವ ಬ್ಲ್ಯಾಕ್‌ಕರಂಟ್ ನಾವ್ಯಾರೂ ಕಂಡ ಹಣ್ಣಲ್ಲ. ಕ್ಯಾಬರ್ನೆ ಎಂಬ ಕೆಂಪು ವೈನ್ ಹಿಡಿದಾಗ ನೇರಳೆ ಹಣ್ಣು ನೆನೆಸಿಕೊಳ್ಳಿ, ದಾರಿ ಸಿಗುತ್ತದೆ. ಟ್ಯಾನಿನ್ ಅನ್ನುವುದಕ್ಕಂತೂ ನಮಗೆ ಪಾಠವೇ ಬೇಡ. ಚನ್ನಗಿರಿ ಸೀಮೆಯವರಿಗೆ ಹಸಿ ಅಡಿಕೆ ಅಗಿದಾಗ ಬಾಯಿ ಬಿಗಿಯುವುದು ಗೊತ್ತು, ಅಡಿಕೆ ಬೇಯಿಸಿದ ಚೊಗರು ಗೊತ್ತು. ಒಗರು ಅಂದರೆ ಅದೇ: ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಂಡು ಜಾರುವ ಗುಣ ತೆಗೆದುಬಿಡುತ್ತದೆ, ನಾಲಿಗೆ ತರಿತರಿ ಅನ್ನಿಸುತ್ತದೆ. ಚೀಸ್ ಅಥವಾ ಪನೀರ್ ತುಂಡು ತಿಂದರೆ ಟ್ಯಾನಿನ್‌ಗೆ ಬೇರೆ ಪ್ರೋಟೀನ್ ಸಿಕ್ಕಿ ಬಾಯಿ ಬಿಡುತ್ತದೆ. ಒಗರು, ಹುಳಿ, ಕಹಿ ಮೂರನ್ನೂ ಬೇರೆ ಬೇರೆಯಾಗಿ ಹೇಳಲು ಬಂದರೆ ಸುರಿಯುವವರೂ ಮುತುವರ್ಜಿಯಿಂದ ಮಾತಾಡುತ್ತಾರೆ.

ಗ್ಲಾಸನ್ನು ಕಾಂಡದಲ್ಲಿ ಹಿಡಿಯಬೇಕು, ಬಟ್ಟಲಿನಲ್ಲಿ ಹಿಡಿದರೆ ಅಂಗೈ ಶಾಖಕ್ಕೆ ಬೆಚ್ಚಗಾಗುತ್ತದೆ. ಬಿಳಿ ಕಾಗದದ ಮೇಲೆ ವಾರೆ ಮಾಡಿ ಬಣ್ಣ ನೋಡಿ. ಬಿಳಿ ವೈನ್ ವಯಸ್ಸಾದಂತೆ ಕಂದುಹಳದಿಗೆ ತಿರುಗುತ್ತದೆ, ಕೆಂಪು ವೈನ್ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ. ತಿರುಗಿಸದೆ ಒಮ್ಮೆ ಮೂಸಿ, ತಿರುಗಿಸಿ ಇನ್ನೊಮ್ಮೆ ಮೂಸಿ. ಒಂದು ಚಮಚೆಯಷ್ಟು ಬಾಯಿಗೆ ತೆಗೆದುಕೊಂಡು, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಎಳೆದು, ಐದಾರು ಸೆಕೆಂಡು ಇಟ್ಟು ಉಗುಳಿ. ಹೌದು, ಉಗುಳಬೇಕು. ಪೀಕದಾನಿ ಟೇಬಲ್ ಮೇಲೆ ಇರದಿದ್ದರೆ ಕೇಳಿ ತರಿಸಿಕೊಳ್ಳಿ, ಅದು ಅಮರ್ಯಾದೆಯಲ್ಲ. ಆರರಲ್ಲಿ ಮೆಚ್ಚಿದ ಎರಡನ್ನು ಮಾತ್ರ ನುಂಗುವುದು ನಮ್ಮ ಕಟ್ಟಳೆ. ಉಗುಳಿದರೂ ಬಾಯಿಯಿಂದಲೇ ಒಂದಿಷ್ಟು ಒಳಗೆ ಸೇರುತ್ತದೆ ಎಂಬುದು ನೆನಪಿರಲಿ.

ಅನುಕ್ರಮ: ಸ್ಪಾರ್ಕ್ಲಿಂಗ್ (ಗುಳ್ಳೆ ಏಳುವ ವೈನ್), ಒಣ ಬಿಳಿ (ಸಿಹಿ ಇಲ್ಲದ್ದು), ರೋಸೆ (ಗುಲಾಬಿ ಬಣ್ಣದ್ದು), ಹಗುರ ಕೆಂಪು, ದಟ್ಟ ಕೆಂಪು, ಕೊನೆಗೆ ಸಿಹಿ. ತಲೆಕೆಳಗಾದರೆ ಏನಾಗುತ್ತದೆ? ಸಿಹಿಯ ನಂತರ ಒಣ ಬಿಳಿ ಕುಡಿದರೆ ನಿಂಬೆಹುಳಿ ಹಿಂಡಿದಂತಿರುತ್ತದೆ. ದಟ್ಟ ಕೆಂಪಿನ ಒಗರು ಕೂತ ನಾಲಿಗೆಗೆ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ನೀರಿನಂತಿರುತ್ತದೆ. ಶೆನಿನ್ ಅನ್ನು ಇಲ್ಲಿ ಗಮನವಿಟ್ಟು ಕುಡಿಯಬೇಕು, ಬಿಸಿಲಿನ ನಾಡಿನಲ್ಲೂ ಹುಳಿ ಉಳಿಸಿಕೊಳ್ಳುವ ದ್ರಾಕ್ಷಿ ಅದು. ನಾಸಿಕ್‌ನಲ್ಲಿ ಅದಕ್ಕೆ ಅಷ್ಟು ಜಾಗ ಸಿಕ್ಕಿದ್ದಕ್ಕೆ ಅದೇ ಕಾರಣ.

ಶಾಖದ ಬಗ್ಗೆ ಸುಮ್ಮನಿರಬೇಡಿ. ಬಿಳಿ 8-10 ಡಿಗ್ರಿ, ಕೆಂಪು 16-18 ಡಿಗ್ರಿ ಇದ್ದರೆ ಸರಿ. ಕೆಂಪು ವೈನ್ ‘ರೂಮ್ ಟೆಂಪರೇಚರ್’ ಎನ್ನುವ ಮಾತು ಚಳಿದೇಶದ ಕೋಣೆಗೆ ಹೇಳಿದ್ದು. ಹೊರಗೆ 32 ಡಿಗ್ರಿ ಇರುವ ಜಗಲಿಯಲ್ಲಿ ಅದು ಬಿಸಿಯಾಗಿ ಬರೀ ಮದ್ಯಸಾರ ಮೂಗಿಗೆ ಹೊಡೆಯುತ್ತದೆ. ಐಸ್ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಟ್ಟು ಕೊಡಿ ಎಂದು ಕೇಳಿ, ಕೊಡುತ್ತಾರೆ.

ಬಾಟಲಿ ಯಾವಾಗ ತೆರೆದದ್ದು ಎಂದೂ ಕೇಳಬೇಕು. ನಿನ್ನೆ ಮೊನ್ನೆ ತೆರೆದದ್ದಾದರೆ ಗಾಳಿ ತಾಗಿ ಹೆಚ್ಚಿಟ್ಟ ಸೇಬಿನ ವಾಸನೆ ಬಂದಿರುತ್ತದೆ. ಒದ್ದೆ ಗೋಣಿಚೀಲದ ಮುಗ್ಗಲು ಬಂದರೆ ಬಿರಡೆಯ ದೋಷ, ತಿರುಪು ಮುಚ್ಚಳದ ಬಾಟಲಿಯಲ್ಲಿ ಇದು ಅಪರೂಪ. ಉಗುರುಬಣ್ಣದ ಅಥವಾ ವಿನೆಗರ್ ವಾಸನೆ ಬಂದರೆ ಹುಳಿತು ಕೆಟ್ಟಿದೆ. ಬೆಂದ ಮೊಟ್ಟೆಯ ವಾಸನೆ ಮಾತ್ರ ಗ್ಲಾಸನ್ನು ಚೆನ್ನಾಗಿ ತಿರುಗಿಸಿದರೆ ಹೋಗುವುದುಂಟು, ಅವಸರಪಟ್ಟು ಬೇಡವೆನ್ನಬೇಡಿ.

ಟೂರ್ ಮೂರೂ ಕಡೆ ಬೇಡ, ಒಂದು ಕಡೆ ಸಾಕು. ಬಿಳಿಗೆ ರಸ ಹಿಂಡಿ ಸಿಪ್ಪೆ ಬೇರ್ಪಡಿಸಿ ಹುಳಿಸುತ್ತಾರೆ, ಕೆಂಪಿಗೆ ಸಿಪ್ಪೆ ಸಮೇತ. ಬಣ್ಣ ಸಿಪ್ಪೆಯಿಂದ, ಒಗರು ಸಿಪ್ಪೆ ಮತ್ತು ಬೀಜದಿಂದ. ಟ್ಯಾಂಕಿನ ಮೇಲಿನ ಶಾಖದ ಅಂಕಿ ನೋಡಿ: ಬಿಳಿ 14-18ರಲ್ಲಿ, ಕೆಂಪು 24-28ರಲ್ಲಿ ಹುಳಿಯುತ್ತಿರುತ್ತದೆ. ಕೊಯ್ಲಿನ ದಿನ ಬ್ರಿಕ್ಸ್ ಎಷ್ಟಿತ್ತು ಎಂದು ಕೇಳಿದರೆ ಸಕ್ಕರೆಯ ಅಂಶ ಗೊತ್ತಾಗುತ್ತದೆ. ಒಂದು ಬ್ರಿಕ್ಸ್‌ಗೆ ಸುಮಾರು 0.55 ಶೇಕಡಾ ಮದ್ಯಸಾರ ಎಂದು ಗುಣಿಸಿ, ಲೇಬಲ್ ಜೊತೆ ತಾಳೆ ನೋಡಿ.

ಬಾಟಲಿ ಕೊಳ್ಳುವುದು ಕೊನೆಯ ವೈನರಿಯಲ್ಲಿ ಮಾತ್ರ, ಅಂದು ರಾತ್ರಿ ಕೋಣೆಯಲ್ಲಿ ಮುಗಿಯುವಷ್ಟು. ಬೆಳಿಗ್ಗೆ ಕೊಂಡು ಬಿಸಿಲಿಗೆ ನಿಂತ ಗಾಡಿಯ ಡಿಕ್ಕಿಯಲ್ಲಿಟ್ಟರೆ ವೈನ್ ಹಿಗ್ಗಿ ಬಿರಡೆಯನ್ನು ಮೇಲೆತ್ತುತ್ತದೆ, ಹಣ್ಣಿನ ರುಚಿ ಬೆಂದು ಮುರಬ್ಬದಂತಾಗುತ್ತದೆ. ಊರಿಗೆ ತರಬೇಡಿ. ಅಬಕಾರಿ ನಿಯಮ ರಾಜ್ಯಕ್ಕೊಂದು, ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ತೊಂದರೆ. ಮೆಚ್ಚಿದ್ದರ ಹೆಸರು, ದ್ರಾಕ್ಷಿ, ಕೊಯ್ಲಿನ ವರ್ಷ ಬರೆದುಕೊಂಡು ಬನ್ನಿ, ಸುಲಾದ ಹಲವು ವೈನ್ ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ. ರಾತ್ರಿ ಉಳಿದ ಬಾಟಲಿಯನ್ನು ಮುಚ್ಚಳ ಬಿಗಿದು ಕೋಣೆಯ ಫ್ರಿಜ್‌ನಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ಕೆಂಪಾದರೂ ಫ್ರಿಜ್‌ನಲ್ಲೇ ಇರಲಿ, ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದರಾಯಿತು.