ಮೊದಲು ರಬ್ಬರ್ ನೋಡಿ, ಆಮೇಲೆ ಹಾಸಿಗೆ ಹಾಸಿ

ವರ್ಷದಲ್ಲಿ ಐದಾರು ತಿಂಗಳು ನನ್ನ ಹಾಯಿದೋಣಿ ನೆಲದ ಮೇಲೆ ಕಂಬಗಳ ಆಸರೆಯಲ್ಲಿ ನಿಂತಿರುತ್ತದೆ. ಉಳಿದ ತಿಂಗಳು ಅದೇ ನನ್ನ ಮನೆ. ಮೊದಲ ವರ್ಷ ದೋಣಿ ನೀರಿಗಿಳಿದ ದಿನವೇ ಚೀಲ, ಪೆಟ್ಟಿಗೆ, ಪುಸ್ತಕ ಎಲ್ಲವನ್ನೂ ಒಳಗೆ ತುಂಬಿಸಿ ಮಲಗಿಬಿಟ್ಟೆ. ಮಧ್ಯರಾತ್ರಿ ಎಚ್ಚರವಾದಾಗ ನೆಲಹಲಗೆಯ ಕೆಳಗೆ ನೀರು ಕುಲುಕುವ ಸದ್ದು. ಕತ್ತಲಲ್ಲಿ ಒಂದೊಂದೇ ಪೆಟ್ಟಿಗೆ ಎತ್ತಿಟ್ಟು, ಹಲಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ವೇಗ ಅಳೆಯುವ ಸೆನ್ಸರ್ ಕೂತ ತೂತಿನ ಸುತ್ತ ನೀರು ಒಸರುತ್ತಿತ್ತು. ಕಾರಣ ಒಂದು ಓ-ರಿಂಗ್. ಒಣಗಿ ಬಿರುಕು ಬಿಟ್ಟ ಸಣ್ಣ ರಬ್ಬರ್ ಉಂಗುರ, ಅಷ್ಟೇ.

ಅವತ್ತಿನಿಂದ ನಾನು ಹಿಡಿದಿರುವ ದಾರಿ ಇದು. ಫೈಬರ್, ಉಕ್ಕು ಆರು ತಿಂಗಳು ಸುಮ್ನೆ ನಿಂತರೂ ಹೆಚ್ಚು ಕೆಡುವುದಿಲ್ಲ, ಆದರೆ ರಬ್ಬರ್ ಹಾಗಲ್ಲ. ಬಿಸಿಲಿಗೆ ಒಣಗುತ್ತದೆ, ಮಡಚಿದ ಕಡೆ ಹಾಗೇ ಗಟ್ಟಿಯಾಗುತ್ತದೆ, ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ದೋಣಿ ಇನ್ನೂ ನೆಲದ ಮೇಲಿರುವಾಗಲೇ ಟಾರ್ಚ್ ಹಿಡಿದು ರಬ್ಬರ್ ಇರುವ ಜಾಗಗಳನ್ನೆಲ್ಲ ಒಂದು ಸುತ್ತು ಹಾಕುತ್ತೇನೆ.

ಜಾಸ್ತಿ ಸಮಯ ಕೊಡುವುದು ಇಂಪೆಲ್ಲರ್‌ಗೆ. ಇಂಜಿನ್ ತಣ್ಣಗಿಡಲು ಹೊರಗಿನ ನೀರು ಎಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ ಅದು. ತಿಂಗಳುಗಟ್ಟಲೆ ಒಂದೇ ಕಡೆ ಬಾಗಿ ಕೂತರೆ ಅದರ ಎಸಳುಗಳು ಬಾಗಿಯೇ ಉಳಿದು ಬುಡದಲ್ಲಿ ಸೀಳುತ್ತವೆ. ಈಗ ದೋಣಿ ಮೇಲೆತ್ತಿದಾಗಲೇ ಅದನ್ನು ತೆಗೆದಿಟ್ಟು, ವಾಪಸ್ ಬಂದಾಗ ಹೊಸದು ಹಾಕುತ್ತೇನೆ. ಹಾಕುವಾಗ ಗ್ಲಿಸರಿನ್ ಇಲ್ಲವೇ ಸೋಪಿನ ನೀರು ಸವರುತ್ತೇನೆ, ಮಾಮೂಲಿ ಗ್ರೀಸ್ ಅಲ್ಲ, ಅದು ರಬ್ಬರ್‌ಗೆ ಆಗುವುದಿಲ್ಲ. ಹಳೆಯದರಲ್ಲಿ ಎಸಳು ಕಡಿಮೆಯಿದ್ದರೆ ಮುರಿದ ಚೂರು ಸಿಗುವವರೆಗೂ ಬಿಡಬಾರದು. ಎರಡನೇ ವರ್ಷ ಒಂದು ಎಸಳು ಇರಲಿಲ್ಲ, ಹೊಸದು ಹಾಕಿದೆನಲ್ಲ ಅಂತ ನಾನು ಹುಡುಕಲೇ ಇಲ್ಲ. ಎರಡು ಗಂಟೆ ಓಡಿದ ಮೇಲೆ ಇಂಜಿನ್ ಕಾದು ಅಲಾರಂ ಹೊಡೆದುಕೊಂಡಿತು. ಆ ಚೂರು ಇಂಜಿನ್ನಿನ ಬಿಸಿಯನ್ನು ಹೊರಗಿನ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಬಾಯಲ್ಲಿ ಅಡ್ಡ ಕೂತಿತ್ತು. ಈಗಂತೂ ಇಂಜಿನ್ ಶುರು ಮಾಡಿದ ಕೂಡಲೇ ಹಿಂದೆ ಓಡಿ ಎಕ್ಸಾಸ್ಟ್‌ನಿಂದ ಹೊಗೆಯ ಜೊತೆ ನೀರೂ ಉಗುಳುತ್ತಿದೆಯಾ ನೋಡುತ್ತೇನೆ. ಅರ್ಧ ನಿಮಿಷದಲ್ಲಿ ನೀರು ಬರದಿದ್ದರೆ ಇಂಜಿನ್ ಆಫ್.

ಆಮೇಲೆ ಸೀಕಾಕ್ ಅಂತ ಕರೆಯುವ ತಳದ ವಾಲ್ವ್‌ಗಳು. ಪ್ರತಿಯೊಂದನ್ನೂ ನಾಲ್ಕೈದು ಸಲ ತಿರುಗಿಸಿ, ಅದಕ್ಕೆ ಕೂಡಿದ ಪೈಪನ್ನು ಕೈಯಲ್ಲಿ ಒತ್ತಿ, ಬಗ್ಗಿಸಿ, ಕ್ಲಿಪ್‌ಗಳ ಹಿಂಭಾಗವನ್ನೂ ಬೆರಳಿನಿಂದ ಸವರುತ್ತೇನೆ. ತುಕ್ಕು ಇರುವುದು ಯಾವಾಗಲೂ ಕಣ್ಣಿಗೆ ಕಾಣದ ಆ ಕಡೆಯಲ್ಲೇ. ತಳಕ್ಕೆ ಪಾಚಿ, ಚಿಪ್ಪು ಹಿಡಿಯದ ಬಣ್ಣ ಹೊಡೆಯುವುದು, ಉಳಿದ ಲೋಹದ ಬದಲು ತಾನೇ ಸವೆಯಲೆಂದು ತಳಕ್ಕೆ ಹಾಕುವ ಜಿಂಕ್ ತುಂಡು ಅರ್ಧ ಸವೆದಿದ್ದರೆ ಬದಲಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಒಂದೇ ಮಾತು, ಜಿಂಕ್ ಮೇಲೆ ಬಣ್ಣ ತಾಗಬಾರದು, ತಾಗಿದರೆ ಅದು ಕೆಲಸ ಮಾಡುವುದಿಲ್ಲ.

ಕ್ರೇನ್ ದೋಣಿಯನ್ನು ನೀರಿಗಿಳಿಸಿದ ಮೇಲೆ ಬೆಲ್ಟ್ ತಕ್ಷಣ ಬಿಚ್ಚಲು ಬಿಡಬೇಡಿ. ಕ್ರೇನಿನವರಿಗೆ ಮುಂದಿನ ದೋಣಿಯ ಅವಸರ ಇರುತ್ತದೆ, ನಿಜ. ಆದರೂ ಹತ್ತು ನಿಮಿಷ ಬೇಕು ಅಂತ ಮೊದಲೇ ಕೇಳಿಕೊಂಡಿರುತ್ತೇನೆ. ಆ ಹತ್ತು ನಿಮಿಷದಲ್ಲಿ ಎಲ್ಲ ನೆಲಹಲಗೆ ತೆಗೆದು ಪ್ರತಿ ವಾಲ್ವ್, ಪ್ರತಿ ಸೆನ್ಸರ್, ಫ್ಯಾನ್ ತಿರುಗಿಸುವ ಶಾಫ್ಟ್ ಹೊರಗೆ ಹೋಗುವ ಜಾಗ, ಎಲ್ಲ ನೋಡಿ ಮುಗಿಸುತ್ತೇನೆ. ನನ್ನ ಶಾಫ್ಟ್‌ಗೆ ರಬ್ಬರ್ ಸೀಲ್ ಇದೆ. ಅದನ್ನು ಹಿಂಡಿ ಒಳಗಿನ ಗಾಳಿ ಬಿಡಬೇಕು, ಒಂದೆರಡು ಹನಿ ನೀರು ಬಂದರೆ ಸರಿ. ಗಾಳಿ ಉಳಿದರೆ ಶಾಫ್ಟ್ ಒಣಗಿದ ಸೀಲಿನಲ್ಲೇ ತಿರುಗಿ ಅದನ್ನು ಸುಟ್ಟುಬಿಡುತ್ತದೆ.

ಗ್ಯಾಸ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಆಚೆ ಹೋದೀತು, ದೋಣಿಯಲ್ಲಿ ಇಳಿದು ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕಲ್ವಾ? ಪೈಪಿನ ಮೇಲೆ ಅಚ್ಚಾದ ತಾರೀಖು ನೋಡಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳದಿದ್ದರೆ ಮಾತ್ರ ಒಲೆ ಹಚ್ಚುವುದು.

ಬ್ಯಾಟರಿ ಲೆಡ್ ಆಸಿಡ್ ಆಗಿದ್ದರೆ ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆಯಿರಿ. 12.7 ವೋಲ್ಟ್ ಅಂದರೆ ತುಂಬಿದೆ, 12.4 ಅಂದರೆ ಮುಕ್ಕಾಲು. 12ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಮೇಲೆ ಹೆಚ್ಚು ನಂಬಿಕೆ ಇಡಬೇಡಿ. ಕುಡಿಯುವ ನೀರಿನ ಟ್ಯಾಂಕಿಗೆ ನಾನು 100 ಲೀಟರ್‌ಗೆ 100 ಮಿಲಿಲೀಟರ್ ಲೆಕ್ಕದಲ್ಲಿ ಪರಿಮಳವಿಲ್ಲದ 5 ಶೇಕಡಾ ಬ್ಲೀಚ್ ಹಾಕಿ, ನಲ್ಲಿಗಳಲ್ಲಿ ವಾಸನೆ ಬರುವವರೆಗೂ ನೀರು ಬಿಟ್ಟು, ನಾಲ್ಕು ಗಂಟೆ ಹಾಗೇ ಇಡುತ್ತೇನೆ. ಆಮೇಲೆ ವಾಸನೆ ಹೋಗುವ ತನಕ ಟ್ಯಾಂಕ್ ತುಂಬಿಸಿ ಖಾಲಿ ಮಾಡುವುದು, ಎರಡು ಮೂರು ಸಲವಾದರೂ ಬೇಕು. ಬೇಸರದ ಕೆಲಸ, ಆದರೆ ಮುಂದಿನ ತಿಂಗಳುಗಳೆಲ್ಲ ಕುಡಿಯುವುದು ಇದೇ ನೀರು.

ಒಳಗಿನ ಬೂಷ್ಟಿಗೆ ವಿನಿಗರ್ ಸಾಕು. ಹಾಸಿಗೆ, ಮೆತ್ತೆಗಳನ್ನು ಎರಡು ದಿನ ಬಿಸಿಲಿಗೆ ಹಾಕುತ್ತೇನೆ.

ಇಷ್ಟಾದ ಮೇಲೆ ಮೊದಲ ರಾತ್ರಿ ಒಂದು ಹೊದಿಕೆ, ಒಂದು ಟಾರ್ಚ್, ಒಂದು ಜೊತೆ ಬಟ್ಟೆ ಮಾತ್ರ ತೆಗೆದುಕೊಂಡು ಮಲಗುತ್ತೇನೆ. ಹಲಗೆಗಳ ಮೇಲೆ ಏನೂ ಇಡುವುದಿಲ್ಲ. ಪ್ರತಿ ವಾಲ್ವ್‌ನ ಕೆಳಗೆ ಒಂದೊಂದು ಟಿಶ್ಯೂ ಪೇಪರ್ ಹಾಸಿರುತ್ತೇನೆ, ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ. ಹಗ್ಗ ಎಳೆದಾಡುವ ಸದ್ದು, ಪಕ್ಕದ ದೋಣಿಯ ಕಂಬಕ್ಕೆ ತಂತಿ ಬಡಿಯುವ ಸದ್ದು, ತಳಕ್ಕೆ ಅಲೆ ತಟ್ಟುವ ಸದ್ದು, ಎಲ್ಲ ಮತ್ತೆ ಹೊಸದು ಅನ್ನಿಸುತ್ತದೆ. ಯಾವುದು ಮಾಮೂಲಿ, ಯಾವುದು ಅಲ್ಲ ಅಂತ ಕಿವಿಗೆ ಮತ್ತೆ ಗೊತ್ತಾಗಲು ಒಂದೆರಡು ರಾತ್ರಿ ಬೇಕು. ಮೂರನೇ ದಿನ ಬೆಳಗ್ಗೆ ಟಿಶ್ಯೂಗಳೆಲ್ಲ ಒಣಗಿಯೇ ಇದ್ದರೆ ಪುಸ್ತಕದ ಪೆಟ್ಟಿಗೆ ಒಳಗೆ ಬರುತ್ತದೆ.